ಟನಲ್ ಒಳಗೆ ಹರಿಯುವುದು ಯಾರ ಟ್ರಾಫಿಕ್? ನೆಟ್‌ವರ್ಕ್ ಯೋಜನಾ ತಂತ್ರಾಂಶದಲ್ಲಿ ನೋಡುವ ಬಗೆ

ನಕ್ಷೆಯಲ್ಲಿ ಒಂದು ಲಿಂಕ್ ಕೆಂಪಾಗಿದೆ. ಅದರ ಮೇಲೆ ಮೌಸ್ ಇಟ್ಟರೆ ಶೇ 92 ಎಂದು ಕಾಣಿಸುತ್ತದೆ. ಎಷ್ಟು ತುಂಬಿದೆ ಎಂಬುದು ಗೊತ್ತಾಯಿತು, ಯಾರ ಟ್ರಾಫಿಕ್‌ನಿಂದ ತುಂಬಿದೆ ಎಂಬುದು ಗೊತ್ತಾಗಲಿಲ್ಲ. ಟನಲ್‌ಗಳೇ ಇಲ್ಲದ ಜಾಲದಲ್ಲಾದರೆ ಇದಕ್ಕೆ ಉತ್ತರ ಸುಲಭ: ಅತಿ ಕಡಿಮೆ ವೆಚ್ಚದ ಪಥಗಳಲ್ಲಿ ಆ ಲಿಂಕನ್ನು ಹಾದುಹೋಗುವವರೆಲ್ಲ ಪಾಲುದಾರರು. ಎಂಪಿಎಲ್‌ಎಸ್ ಟ್ರಾಫಿಕ್ ಎಂಜಿನಿಯರಿಂಗ್ ಟನಲ್‌ಗಳು (ಪ್ಯಾಕೆಟ್‌ಗಳಿಗೆ ಲೇಬಲ್ ಅಂಟಿಸಿ ಗೊತ್ತುಮಾಡಿದ ಪಥದಲ್ಲಿ ಕಳಿಸುವ ದಾರಿಗಳು) ಬಂದ ಕೂಡಲೇ ನಡುವೆ ಇನ್ನೊಂದು ಪದರ ಸೇರಿಕೊಳ್ಳುತ್ತದೆ. ಲಿಂಕ್ ಮೇಲೆ ಕಾಣುವುದು ಟನಲ್, ಟನಲ್ ಒಳಗಿರುವುದು ನಿಜವಾದ ಟ್ರಾಫಿಕ್. ಆ ಟನಲ್ ಒಳಗೆ ಇಣುಕುವುದು ಹೇಗೆ, ಅಲ್ಲಿ ಕಂಡ ಅಂಕಿಯನ್ನು ಎಷ್ಟು ನಂಬಬಹುದು ಎಂಬುದು ಈ ಮಾರ್ಗದರ್ಶಿಯ ವಿಷಯ.

ಉದಾಹರಣೆಗೆ ಸಿಸ್ಕೊ ವ್ಯಾನ್ ಆಟೊಮೇಷನ್ ಎಂಜಿನ್‌ನ ವಿನ್ಯಾಸ ತಂತ್ರಾಂಶವನ್ನು ಇಟ್ಟುಕೊಂಡಿದ್ದೇನೆ. ಕ್ಯಾರಿಡನ್ ಎಂಬ ಕಂಪನಿಯ ‘ಮೇಟ್’ ತಂತ್ರಾಂಶ ಇದರ ಮೂಲ. 2012ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು. ಈಗ ಕ್ರಾಸ್‌ವರ್ಕ್ ಪ್ಲಾನಿಂಗ್ ಎಂಬ ಹೆಸರಿನಲ್ಲಿ ಅದರ ಮುಂದುವರಿಕೆ ಇದೆ. ಜುನಿಪರ್ ಬಳಗದಲ್ಲಿ ‘ವ್ಯಾಂಡಲ್’ ಮೂಲದಿಂದ ಬಂದ ಐಪಿ-ಎಂಪಿಎಲ್‌ಎಸ್ ವ್ಯೂ, ನಾರ್ತ್‌ಸ್ಟಾರ್ ಪ್ಲಾನರ್‌ಗಳೂ ಇದೇ ಕೆಲಸ ಮಾಡುತ್ತವೆ. ಮೆನುಗಳ ಹೆಸರು ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದರಿಂದ ಯಾವ ಗುಂಡಿ ಒತ್ತಬೇಕು ಎನ್ನುವುದಕ್ಕಿಂತ ಏನನ್ನು ಹುಡುಕಬೇಕು ಎನ್ನುವುದಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೂರು ಕೋಷ್ಟಕಗಳ ಪರಿಚಯ

ತಂತ್ರಾಂಶ ತೆರೆದಾಗ ನಕ್ಷೆಯ ಕೆಳಗೆ ಕೋಷ್ಟಕಗಳ ಸಾಲು ಇರುತ್ತದೆ. ನಮಗೆ ಬೇಕಾದವು ಮೂರು: ಇಂಟರ್‌ಫೇಸ್, ಎಲ್‌ಎಸ್‌ಪಿ, ಡಿಮ್ಯಾಂಡ್.

ಡಿಮ್ಯಾಂಡ್ ಎಂದರೆ ಒಂದು ರೂಟರ್‌ನಲ್ಲಿ ಜಾಲವನ್ನು ಹೊಕ್ಕು ಇನ್ನೊಂದರಲ್ಲಿ ಹೊರಬೀಳುವ ಟ್ರಾಫಿಕ್‌ನ ಮೊತ್ತ. ಎಲ್‌ಎಸ್‌ಪಿ ಎಂಬುದೇ ನಮ್ಮ ಟನಲ್. ಇದು ಒಮ್ಮುಖ ದಾರಿ ಎಂಬುದನ್ನು ಮರೆಯಬೇಡಿ, ವಾಪಸು ಬರುವ ಟ್ರಾಫಿಕ್‌ಗೆ ಬೇರೆಯದೇ ಟನಲ್ ಬೇಕು. ಇಂಟರ್‌ಫೇಸ್ ಕೋಷ್ಟಕವೂ ಹಾಗೆಯೇ: ಒಂದು ಲಿಂಕ್‌ಗೆ ಎರಡು ಸಾಲುಗಳು, ದಿಕ್ಕಿಗೊಂದು. ಡಿಮ್ಯಾಂಡ್ ಟನಲ್ ಮೇಲೆ ಸವಾರಿ ಮಾಡುತ್ತದೆ, ಟನಲ್ ಇಂಟರ್‌ಫೇಸ್‌ಗಳ ಮೇಲೆ. ಎಲ್ಲ ಡಿಮ್ಯಾಂಡ್‌ಗಳೂ ಟನಲ್ ಹೊಗುತ್ತವೆ ಎಂದೇನಿಲ್ಲ, ಕೆಲವು ನೇರವಾಗಿ ಐಜಿಪಿ ಪಥದಲ್ಲೇ, ಅಂದರೆ ಜಾಲದ ಒಳಗಿನ ರೂಟಿಂಗ್ ಲೆಕ್ಕ ಹಾಕಿದ ಅತಿ ಕಡಿಮೆ ವೆಚ್ಚದ ಪಥದಲ್ಲೇ, ಹೋಗುತ್ತವೆ.

ಟ್ರಾಫಿಕ್‌ಗೆ ಸಂಬಂಧಿಸಿದ ಅಂಕಣಗಳೂ ಒಂದಕ್ಕಿಂತ ಹೆಚ್ಚು. ‘ಟ್ರಾಫ್ ಮೀಸ್’ ಎಂದರೆ ರೂಟರ್‌ನಿಂದ ಬಂದ ಅಳತೆ. ‘ಟ್ರಾಫ್ ಸಿಮ್’ ಎಂದರೆ ಡಿಮ್ಯಾಂಡ್‌ಗಳನ್ನು ಮಾದರಿಯಲ್ಲಿ ಹರಿಸಿ ತಂತ್ರಾಂಶ ಲೆಕ್ಕ ಹಾಕಿದ್ದು. ಇವೆರಡರ ಜೊತೆಗೆ ಟನಲ್‌ಗೆ ಅದರದೇ ಆದ ಬ್ಯಾಂಡ್‌ವಿಡ್ತ್ ಮೀಸಲು ಇರುತ್ತದೆ. ಮೂರೂ ಮೆಗಾಬಿಟ್ ಲೆಕ್ಕದಲ್ಲೇ ಕಾಣಿಸುವುದರಿಂದ ಒಂದನ್ನು ಇನ್ನೊಂದೆಂದು ಓದಿಬಿಡುವ ಅಪಾಯ ಹೆಚ್ಚು. ಪಕ್ಕಪಕ್ಕದಲ್ಲಿ ಕಾಣುವಂತೆ ಅಂಕಣಗಳನ್ನು ಈಗಲೇ ಜೋಡಿಸಿಕೊಳ್ಳಿ.

ಅಭ್ಯಾಸಕ್ಕೊಂದು ಪುಟ್ಟ ಜಾಲ

ದೊಡ್ಡ ಜಾಲದ ಕಡತ ತೆರೆದು ಕಲಿಯಹೊರಟರೆ ಕಣ್ಣು ಕತ್ತಲೆ ಬರುತ್ತದೆ. ಖಾಲಿ ಯೋಜನಾ ಕಡತದಲ್ಲಿ ಐದು ರೂಟರ್‌ಗಳನ್ನು ಇಡಿ: ಕ, ಚ, ಟ, ತ, ಪ. ಎಲ್ಲ ಲಿಂಕ್‌ಗಳೂ 10 ಗಿಗಾಬಿಟ್‌ನವು. ಮೆಟ್ರಿಕ್‌ಗಳು ಹೀಗಿರಲಿ: ಕ–ಚ 10, ಚ–ತ 10, ಕ–ಟ 15, ಟ–ತ 15, ತ–ಪ 10. ಅಂದರೆ ‘ಕ’ದಿಂದ ‘ತ’ಕ್ಕೆ ಮೇಲಿನ ದಾರಿಯಲ್ಲಿ, ‘ಚ’ ಮೂಲಕ, ವೆಚ್ಚ 20. ಕೆಳಗಿನ ದಾರಿಯಲ್ಲಿ, ‘ಟ’ ಮೂಲಕ, 30.

ಡಿಮ್ಯಾಂಡ್‌ಗಳು ನಾಲ್ಕು ಸಾಕು: ಕ→ತ 3 ಗಿಗಾಬಿಟ್, ಕ→ಪ 4, ಚ→ಪ 2, ಕ→ಚ 1.5. ತಂತ್ರಾಂಶಕ್ಕೆ ಇವನ್ನು 3000, 4000, 2000, 1500 ಮೆಗಾಬಿಟ್ ಎಂದು ಕೊಡಬೇಕು.

ಹಂತ 1: ಟನಲ್ ಇಲ್ಲದೆ ಒಮ್ಮೆ ನೋಡಿ

ನೋಟವನ್ನು ಸಿಮ್ಯುಲೇಟೆಡ್ ಟ್ರಾಫಿಕ್‌ಗೆ ಇಡಿ. ಕ–ಚ ಮೇಲೆ 3 + 4 + 1.5, ಒಟ್ಟು 8.5 ಗಿಗಾಬಿಟ್. ಚ–ತ ಮೇಲೆ 3 + 4 + 2, ಅಂದರೆ 9. ತ–ಪ ಮೇಲೆ 6. ಕೆಳಗಿನ ದಾರಿ ಖಾಲಿ. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಟನಲ್ ಏನು ಮಾಡಿತು ಎಂದು ಅಳೆಯಲು ಇದೇ ಗೆರೆ.

ಹಂತ 2: ಟನಲ್ ಹಾಕಿ ಅದರ ಪಥ ನೋಡಿ

‘ಕ’ದಿಂದ ‘ತ’ಕ್ಕೆ ಒಂದು ಆರ್‌ಎಸ್‌ವಿಪಿ ಎಲ್‌ಎಸ್‌ಪಿ (ದಾರಿಯುದ್ದಕ್ಕೂ ಬ್ಯಾಂಡ್‌ವಿಡ್ತ್ ಮೀಸಲು ಕೇಳಿ ಎಬ್ಬಿಸುವ ಟನಲ್) ಸೇರಿಸಿ. ‘ಟ’ ಮೂಲಕವೇ ಹೋಗಬೇಕೆಂದು ಪಥವನ್ನು ಹೆಸರಿಸಿ. ಮೀಸಲು 5 ಗಿಗಾಬಿಟ್. ಆಟೊರೂಟ್ ಆಯ್ಕೆ ಚಾಲೂ ಇರಲಿ, ಅದೇನೆಂದು ಮುಂದಿನ ಹಂತದಲ್ಲಿ ನೋಡೋಣ. ಈಗ ಎಲ್‌ಎಸ್‌ಪಿ ಕೋಷ್ಟಕದಲ್ಲಿ ಆ ಸಾಲನ್ನು ಆರಿಸಿದರೆ ನಕ್ಷೆಯಲ್ಲಿ ಕ–ಟ–ತ ಪಥ ಎದ್ದು ಕಾಣುತ್ತದೆ.

ನಿಜವಾದ ಜಾಲದ ಕಡತದಲ್ಲಾದರೆ ಇಲ್ಲೊಂದು ಪರೀಕ್ಷೆ ಮಾಡಲೇಬೇಕು. ರೂಟರ್‌ಗಳಿಂದ ಸಂಗ್ರಹಿಸಿದ ವಾಸ್ತವ ಪಥ ಬೇರೆ, ಮಾದರಿ ಲೆಕ್ಕ ಹಾಕಿದ ಪಥ ಬೇರೆ. ಎರಡೂ ಒಂದೇ ಆಗಿವೆಯೇ? ಟನಲ್‌ಗಳು ಸಾಲಾಗಿ ಒಂದಾದ ಮೇಲೊಂದು ಮೀಸಲು ಪಡೆಯುವುದರಿಂದ ಯಾವುದು ಮೊದಲು ಕುಳಿತಿತು ಎಂಬುದರ ಮೇಲೆ ಉಳಿದವುಗಳ ಪಥ ಬದಲಾಗಬಹುದು. ಜಾಲದಲ್ಲಿ ಕುಳಿತ ಕ್ರಮವೇ ಮಾದರಿಯಲ್ಲೂ ಬರುತ್ತದೆ ಎಂಬ ಖಾತ್ರಿ ಇಲ್ಲ. ಪಥವೇ ತಪ್ಪಿದ್ದರೆ ಒಳಗಿನ ಟ್ರಾಫಿಕ್ ಸರಿಯಾಗಿದ್ದರೂ ಲಿಂಕ್‌ಗಳ ಅಂಕಿ ಸುಳ್ಳಾಗುತ್ತದೆ.

ಹಂತ 3: ಟನಲ್‌ನಿಂದ ಡಿಮ್ಯಾಂಡ್‌ಗೆ ಇಳಿಯಿರಿ

ಕೆಲಸದ ತಿರುಳು ಇದು. ಎಲ್‌ಎಸ್‌ಪಿ ಸಾಲಿನ ಮೇಲೆ ಬಲಗುಂಡಿ ಒತ್ತಿ, ಆ ಟನಲ್ ಮೂಲಕ ಹಾಯುವ ಡಿಮ್ಯಾಂಡ್‌ಗಳನ್ನು ಮಾತ್ರ ತೋರಿಸುವ ಫಿಲ್ಟರ್ ಆರಿಸಿ. ಡಿಮ್ಯಾಂಡ್ ಕೋಷ್ಟಕದಲ್ಲಿ ಎರಡೇ ಸಾಲು ಉಳಿಯುತ್ತವೆ: ಕ→ತ ಮತ್ತು ಕ→ಪ. ಟನಲ್‌ನ ಸಿಮ್ಯುಲೇಟೆಡ್ ಟ್ರಾಫಿಕ್ 7 ಗಿಗಾಬಿಟ್.

ಏಕೆ ಇವೆರಡೇ ಎಂದು ವಿವರಿಸಲು ಬಂದರೆ ಟನಲ್ ಟ್ರಾಫಿಕ್ ಓದಲು ಬಂದಂತೆ. ಆಟೊರೂಟ್ ಎಂದರೆ ಟನಲ್‌ನ ಆರಂಭದಲ್ಲಿರುವ ರೂಟರ್, ಇಲ್ಲಿ ‘ಕ’, ತನ್ನ ಐಜಿಪಿ ಲೆಕ್ಕದಲ್ಲಿ ಟನಲ್ ಅನ್ನೂ ಒಂದು ದಾರಿಯಾಗಿ ಪರಿಗಣಿಸುತ್ತದೆ. ಟನಲ್‌ನ ಕೊನೆಗೆ, ಅಥವಾ ಆ ಕೊನೆಯನ್ನು ದಾಟಿ ಮುಂದಕ್ಕೆ ಹೋಗುವುದೆಲ್ಲ ಟನಲ್ ಹೊಗುತ್ತದೆ. ‘ಪ’ಕ್ಕೆ ಹೋಗಬೇಕಾದರೆ ‘ತ’ ದಾಟಲೇಬೇಕು, ಹಾಗಾಗಿ ಕ→ಪ ಒಳಗೆ ಬಂತು. ‘ಚ’ ಎಂಬುದು ‘ತ’ದ ಆಚೆ ಇಲ್ಲ, ಹಾಗಾಗಿ ಕ→ಚ ಹೊರಗೆ ಉಳಿಯಿತು. ಚ→ಪ ಕಥೆ ಬೇರೆ. ಆಟೊರೂಟ್‌ನ ತಿಳಿವಳಿಕೆ ಆರಂಭದ ರೂಟರ್‌ಗೆ ಮಾತ್ರ ಸೀಮಿತ. ಅಂಥದ್ದೊಂದು ಟನಲ್ ಇದೆ ಎಂದು ‘ಚ’ಕ್ಕೆ ಗೊತ್ತೇ ಇಲ್ಲ.

ಹೊಸಬರು ಎಡವುವ ಇನ್ನೊಂದು ಜಾಗ ಇಲ್ಲೇ ಇದೆ. ಟನಲ್ ಹೋಗುವ ದಾರಿಯ ವೆಚ್ಚ 30, ಮೇಲಿನ ದಾರಿಯದು 20. ಹಾಗಿದ್ದೂ ಟ್ರಾಫಿಕ್ ಟನಲ್ ಹಿಡಿದದ್ದು ಹೇಗೆ? ಸಿಸ್ಕೊ ರೂಟರ್‌ಗಳಲ್ಲಿ, ಬೇರೆ ಏನನ್ನೂ ಹೇಳದಿದ್ದರೆ, ಟನಲ್ ಎಲ್ಲಿ ಸುತ್ತಿ ಬಂದರೂ ಅದರ ಮೆಟ್ರಿಕ್ ಎರಡು ತುದಿಗಳ ನಡುವಿನ ಅತಿ ಕಡಿಮೆ ಐಜಿಪಿ ವೆಚ್ಚವೇ ಆಗಿರುತ್ತದೆ. ಇಲ್ಲಿ ಅದು 20. ಸಮ ಬಂದಾಗ ಟನಲ್‌ನ ತುದಿಗೆ ಹೋಗುವ ಟ್ರಾಫಿಕ್ ಟನಲ್ ಅನ್ನೇ ಹಿಡಿಯುತ್ತದೆ. ಈ ಬಗೆಯ ಲೆಕ್ಕವನ್ನು 2004ರ ಆರ್‌ಎಫ್‌ಸಿ 3906 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆ ವಿವರಿಸುತ್ತದೆ.

ಫಾರ್ವರ್ಡಿಂಗ್ ಅಡ್ಜಸೆನ್ಸಿ ಎಂಬ ಇನ್ನೊಂದು ಆಯ್ಕೆ ಚಾಲೂ ಇದ್ದರೆ ಫಲಿತಾಂಶ ಬದಲಾಗಬಹುದು. ಆಗ ಟನಲ್ ಅನ್ನು ಒಂದು ಲಿಂಕ್ ಎಂಬಂತೆ ಎಲ್ಲ ರೂಟರ್‌ಗಳಿಗೂ ಸಾರಲಾಗುತ್ತದೆ, ದೂರದ ರೂಟರ್‌ಗಳೂ ಅದರತ್ತ ತಿರುಗಬಹುದು. ಇದು ಕೆಲಸ ಮಾಡಲು ಎದುರು ದಿಕ್ಕಿನಲ್ಲೂ ಟನಲ್ ಇರಬೇಕು, ಏಕೆಂದರೆ ಐಜಿಪಿ ಎರಡೂ ಕಡೆಯಿಂದ ಕಾಣದ ಲಿಂಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದೇ ಡಿಮ್ಯಾಂಡ್‌ಗೆಂದು ಕಟ್ಟಿಹಾಕಿದ ಖಾಸಗಿ ಟನಲ್‌ಗಳೂ ಇರುತ್ತವೆ, ಅವುಗಳ ಒಳಗೆ ನೋಡಲು ಹೆಚ್ಚೇನೂ ಇಲ್ಲ.

ಈಗ ಇಂಟರ್‌ಫೇಸ್ ಕೋಷ್ಟಕಕ್ಕೆ ಬನ್ನಿ. ಕ–ಟ ಮತ್ತು ಟ–ತ ತಲಾ 7 ಗಿಗಾಬಿಟ್, ಕ–ಚ 1.5, ಚ–ತ 2, ತ–ಪ ಮೊದಲಿನಂತೆ 6. ಚೀಟಿಯ ಅಂಕಿಗಳೊಂದಿಗೆ ಹೋಲಿಸಿ. ತಿರುಗುಮುರುಗಾಗಿಯೂ ಅಭ್ಯಾಸ ಮಾಡಿ: ಟ–ತ ಇಂಟರ್‌ಫೇಸ್ ಆರಿಸಿ ಅದರ ಮೂಲಕ ಹಾಯುವ ಟನಲ್‌ಗಳಿಗೆ ಫಿಲ್ಟರ್ ಹಾಕಿ, ಅಲ್ಲಿಂದ ಡಿಮ್ಯಾಂಡ್‌ಗಳಿಗೆ ಇಳಿಯಿರಿ. ಕೆಂಪು ಲಿಂಕ್ ಕಂಡಾಗ ದಿನನಿತ್ಯ ನಡೆಯುವ ದಾರಿ ಇದೇ.

ಹಂತ 4: ಮೀಸಲು 5, ಹರಿವು 7

ಟನಲ್‌ಗೆ 5 ಗಿಗಾಬಿಟ್ ಮೀಸಲಿಟ್ಟೆವು, ಒಳಗೆ 7 ಹರಿಯುತ್ತಿದೆ. ತಂತ್ರಾಂಶ ತಪ್ಪಿದ್ದಲ್ಲ, ರೂಟರ್‌ಗಳೂ ಹೀಗೇ ನಡೆದುಕೊಳ್ಳುತ್ತವೆ. ಮೀಸಲು ಎಂಬುದು ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಎಸೆದ ಟವೆಲ್. ಜಾಗ ಹಿಡಿದದ್ದು ನಿಜ, ಕೊನೆಗೆ ಎಷ್ಟು ಜನ ಒತ್ತರಿಸಿಕೊಂಡು ಕೂರುತ್ತಾರೆ ಎಂಬುದನ್ನು ಟವೆಲ್ ನಿರ್ಧರಿಸುವುದಿಲ್ಲ. ಆರ್‌ಎಸ್‌ವಿಪಿ ಮೀಸಲು ಕೇವಲ ನಿಯಂತ್ರಣ ಪದರದ ಜಮಾಖರ್ಚು. ಪ್ರತ್ಯೇಕವಾಗಿ ಪೊಲೀಸಿಂಗ್ (ಮಿತಿ ಮೀರಿದ್ದನ್ನು ತಡೆಯುವ ವ್ಯವಸ್ಥೆ) ಹಾಕದ ಹೊರತು ಹೆಚ್ಚಿನ ಟ್ರಾಫಿಕ್ಕನ್ನು ಯಾರೂ ತಡೆಯುವುದಿಲ್ಲ.

ನಕ್ಷೆಯ ನೋಟವನ್ನು ಎಲ್‌ಎಸ್‌ಪಿ ಮೀಸಲಿಗೆ ಬದಲಿಸಿದರೆ ಟ–ತ ಶೇ 50 ಎಂದು ತಣ್ಣಗೆ ಕಾಣುತ್ತದೆ. ಸಿಮ್ಯುಲೇಟೆಡ್ ಟ್ರಾಫಿಕ್‌ಗೆ ಬದಲಿಸಿದರೆ ಶೇ 70. ಈ ಅಂತರದ ಪರಿಣಾಮ ಸಣ್ಣದಲ್ಲ. ‘ಟ’ದಿಂದ ‘ತ’ಕ್ಕೆ ಇನ್ನೊಂದು 5 ಗಿಗಾಬಿಟ್ ಟನಲ್ ಕೇಳಿನೋಡಿ. ಮೀಸಲಿನ ಲೆಕ್ಕದಲ್ಲಿ ಇನ್ನೂ 5 ಖಾಲಿ ಇದೆ, ಟನಲ್ ಆರಾಮವಾಗಿ ಎದ್ದು ನಿಲ್ಲುತ್ತದೆ. ಅದು ತುಂಬಿ ಹರಿದರೆ 10 ಗಿಗಾಬಿಟ್ ಲಿಂಕ್ ಮೇಲೆ 12. ಸಭೆಗಳಲ್ಲಿ ಮೀಸಲಿನ ನಕ್ಷೆ ತೋರಿಸಿ ‘ಅರ್ಧ ಖಾಲಿ ಇದೆ’ ಎಂದು ಹೇಳುವವರನ್ನು ನಾನು ಹೆಚ್ಚು ನಂಬುವುದಿಲ್ಲ.

ಆಟೊ-ಬ್ಯಾಂಡ್‌ವಿಡ್ತ್ ಇರುವ ಜಾಲದಲ್ಲಿ ಮೀಸಲು ಹರಿವಿನ ಹಿಂದೆ ಓಡಿಬರುತ್ತದೆ. ಆದರೆ ತಡವಾಗಿ: ಸಿಸ್ಕೊ, ಜುನಿಪರ್ ಎರಡರಲ್ಲೂ ಹೊಂದಾಣಿಕೆಯ ಅವಧಿ, ನಾವು ಬದಲಿಸದಿದ್ದರೆ, 24 ಗಂಟೆ. ಸಂಜೆಯ ಏರಿಕೆಯನ್ನು ಮಧ್ಯಾಹ್ನದ ಮೀಸಲಿನಿಂದ ಅಂದಾಜಿಸಲು ಹೋಗಬೇಡಿ.

ಎರಡು ತುದಿಗಳ ನಡುವೆ ಒಂದಕ್ಕಿಂತ ಹೆಚ್ಚು ಟನಲ್ ಇದ್ದಾಗ ಮಾತ್ರ ಮೀಸಲಿಗೆ ಬೇರೊಂದು ಬೆಲೆ ಬರುತ್ತದೆ. ಸಿಸ್ಕೊ ರೂಟರ್‌ಗಳು ಟನಲ್‌ಗಳ ನಡುವೆ ಟ್ರಾಫಿಕ್ಕನ್ನು ಅವುಗಳ ಬ್ಯಾಂಡ್‌ವಿಡ್ತ್ ಅನುಪಾತದಲ್ಲಿ ಹಂಚಬಲ್ಲವು. 3:1 ಅನುಪಾತದ ಎರಡು ಟನಲ್‌ಗಳಿದ್ದರೆ ನಮ್ಮ 7 ಗಿಗಾಬಿಟ್ 5.25 ಮತ್ತು 1.75 ಆಗಿ ಒಡೆಯುತ್ತದೆ. ಕೋಷ್ಟಕದ ಲೋಡ್‌ಶೇರ್ ಅಂಕಣ ಇದಕ್ಕಾಗಿಯೇ ಇದೆ. ನಿಜದಲ್ಲಿ ಹಂಚಿಕೆ ಹ್ಯಾಶ್ ಮೇಲೆ, ಅಂದರೆ ಪ್ಯಾಕೆಟ್‌ನ ವಿಳಾಸಗಳಿಂದ ಲೆಕ್ಕ ಹಾಕಿದ ಸಂಖ್ಯೆಯ ಮೇಲೆ, ನಡೆಯುವುದರಿಂದ ಇಷ್ಟು ಅಚ್ಚುಕಟ್ಟಾಗಿ ಒಡೆಯುವುದಿಲ್ಲ.

ಹಂತ 5: ಅಳತೆಯನ್ನು ಪಕ್ಕದಲ್ಲಿಡಿ

ಇಲ್ಲಿಯವರೆಗಿನದೆಲ್ಲ ಮಾದರಿ. ಟನಲ್‌ನ ನಿಜವಾದ ಅಳತೆ ಆರಂಭದ ರೂಟರ್‌ನಿಂದ ಬರುತ್ತದೆ. ಸಿಸ್ಕೊದಲ್ಲಿ ಟನಲ್ ಎಂಬುದೂ ಒಂದು ಇಂಟರ್‌ಫೇಸ್, ರೂಟರ್‌ಗಳ ಅಂಕಿ ಓದುವ ಎಸ್‌ಎನ್‌ಎಂಪಿ ವಿಧಾನದಲ್ಲಿ ಉಳಿದ ಇಂಟರ್‌ಫೇಸ್‌ಗಳಂತೆ ಅದರ ಎಣಿಕೆಯನ್ನೂ ಓದಬಹುದು. ಜುನಿಪರ್‌ನಲ್ಲಿ ಎಂಪಿಎಲ್‌ಎಸ್ ಅಂಕಿಅಂಶ ಸಂಗ್ರಹವನ್ನು ಪ್ರತ್ಯೇಕವಾಗಿ ಚಾಲೂ ಮಾಡಬೇಕು. ಮಾಡದಿದ್ದರೆ ಟನಲ್‌ಗಳ ಅಳತೆಯ ಅಂಕಣ ಖಾಲಿ ಬರುತ್ತದೆ, ‘ಟ್ರಾಫಿಕ್ಕೇ ಇಲ್ಲ’ ಎಂದು ಅದನ್ನು ಓದಬಾರದು. 64 ಬಿಟ್ ಎಣಿಕೆಗಳನ್ನೇ ಬಳಸಿ. 32 ಬಿಟ್‌ನ ಬೈಟ್ ಎಣಿಕೆ 10 ಗಿಗಾಬಿಟ್ ವೇಗದಲ್ಲಿ ಸುಮಾರು ಮೂರೂವರೆ ಸೆಕೆಂಡಿಗೊಮ್ಮೆ ಸುತ್ತಿ ಸೊನ್ನೆಗೆ ಬರುತ್ತದೆ. ಐದು ನಿಮಿಷಕ್ಕೊಮ್ಮೆ ಓದಿದರೆ ಸಿಗುವ ಅಂಕಿಗೆ ಅರ್ಥವೇ ಇಲ್ಲ.

ಲಿಂಕ್ ಅಳತೆಯೂ ಟನಲ್ ಅಳತೆಯೂ ಒಂದೇ ಹೊತ್ತಿನದಾಗಿರಲಿ. ಲಿಂಕ್‌ಗೆ ರಾತ್ರಿಯ ಗರಿಷ್ಠ, ಟನಲ್‌ಗೆ ದಿನದ ಸರಾಸರಿ ಎಂದು ಬೆರಸಿದರೆ ಲೆಕ್ಕ ಎಂದಿಗೂ ಕೂಡುವುದಿಲ್ಲ. ಕೂಡಬೇಕಾದ ಲೆಕ್ಕ ಇಷ್ಟೇ: ಒಂದು ಲಿಂಕ್‌ನ ಅಳತೆ, ಅದರ ಮೇಲೆ ಹಾಯುವ ಟನಲ್‌ಗಳ ಅಳತೆಗಳ ಮೊತ್ತ ಮತ್ತು ಟನಲ್ ಹೊಗದ ಟ್ರಾಫಿಕ್, ಇವೆರಡನ್ನು ಕೂಡಿದ್ದಕ್ಕೆ ಸರಿಹೊಂದಬೇಕು. ಒಂದೊಂದು ಎಂಪಿಎಲ್‌ಎಸ್ ಲೇಬಲ್‌ಗೆ 4 ಬೈಟ್ ಸೇರುವುದರಿಂದ, ಯಾವ ಹೆಡರ್‌ಗಳನ್ನು ಎಣಿಸಲಾಗುತ್ತದೆ ಎಂಬುದೂ ಒಂದೇ ಬಗೆಯಾಗಿಲ್ಲದ್ದರಿಂದ, ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಅದರ ಬೆನ್ನು ಹತ್ತಬೇಡಿ.

ಟನಲ್ ಅಳತೆಗೆ ಇನ್ನೊಂದು ದೊಡ್ಡ ಉಪಯೋಗವಿದೆ. ಅಂಚಿನ 20 ರೂಟರ್‌ಗಳ ನಡುವೆ ಪೂರ್ಣ ಜಾಲರಿಯಾಗಿ ಟನಲ್ ಹಾಕಿದರೆ 380 ಟನಲ್‌ಗಳಾಗುತ್ತವೆ. ಪ್ರತಿ ಟನಲ್‌ನ ಅಳತೆ ಎಂದರೆ ಆ ಜೋಡಿಯ ನಡುವಿನ ಟ್ರಾಫಿಕ್ಕೇ, ಅಂದರೆ ಯಾರಿಂದ ಯಾರಿಗೆ ಎಷ್ಟು ಎಂಬ ಪಟ್ಟಿ, ಟ್ರಾಫಿಕ್ ಮ್ಯಾಟ್ರಿಕ್ಸ್, ಕೈಗೆ ಸಿಕ್ಕಂತೆ. ಪೂರ್ಣ ಜಾಲರಿ ಇಲ್ಲದಾಗ ಡಿಮ್ಯಾಂಡ್ ಡಿಡಕ್ಷನ್ ಎಂಬ ಉಪಕರಣ ಲಿಂಕ್ ಅಳತೆಗಳಿಂದ ಡಿಮ್ಯಾಂಡ್‌ಗಳನ್ನು ಅಂದಾಜಿಸುತ್ತದೆ. ಅದಕ್ಕೆ ಟನಲ್ ಅಳತೆಗಳನ್ನೂ ಉಣಿಸಿದರೆ ಅಂದಾಜು ಬಿಗಿಯಾಗುತ್ತದೆ. ಅಂದಾಜು ಅಂದಾಜೇ ಎಂಬ ನೆನಪಿರಲಿ: ಲಿಂಕ್ ಮಟ್ಟದಲ್ಲಿ ಚೆನ್ನಾಗಿ ಹೊಂದಿದರೂ ಒಂದೊಂದು ಡಿಮ್ಯಾಂಡ್ ದೂರವೇ ಇರಬಹುದು.

ಹಂತ 6: ಹೊಂದದ ಅಂಕಿಯ ಜಾಡು ಹಿಡಿಯಿರಿ

ನಮ್ಮ ಪುಟ್ಟ ಜಾಲದ ಟನಲ್‌ನ ಅಳತೆ 7.8 ಗಿಗಾಬಿಟ್ ಎಂದು ಬಂತೆಂದುಕೊಳ್ಳಿ. ಮಾದರಿ 7 ಎನ್ನುತ್ತಿದೆ. ಲೇಬಲ್‌ಗಳ ತೂಕದಿಂದ ಇಷ್ಟು ಅಂತರ ಬರುವುದಿಲ್ಲ. ಮೊದಲು ಟನಲ್‌ನ ಆಚೆಗಿನ ಲಿಂಕ್ ನೋಡಿ. ತ–ಪ ಮೇಲೆ ಮಾದರಿ 6, ಅಳತೆ 6.8. ಅದೇ 0.8 ಇಲ್ಲೂ ಕಾಣಿಸಿದರೆ ತಪ್ಪಿಹೋದ ಟ್ರಾಫಿಕ್ ಹೋಗುತ್ತಿರುವುದು ‘ಪ’ಕ್ಕೆ ಅಥವಾ ಅದರಾಚೆಗೆ. ತ–ಪ ಸರಿಹೊಂದಿದ್ದರೆ ಗುರಿ ‘ತ’ವೇ ಆಗಿರುತ್ತಿತ್ತು.

ಇನ್ನು ಮೂಲ. ಇದು ‘ಕ’ದಲ್ಲೇ ಹುಟ್ಟಿದ್ದೇ, ‘ಕ’ದ ಮೂಲಕ ಹಾದು ಬಂದದ್ದೇ? ಆಟೊರೂಟ್ ತನ್ನ ಊರಿನದು, ಪರ ಊರಿನದು ಎಂದು ಭೇದ ಮಾಡುವುದಿಲ್ಲ. ‘ಕ’ಕ್ಕೆ ತಗುಲಿಕೊಂಡ ‘ಯ’ ಎಂಬ ರೂಟರ್ ಇದ್ದು, ಯ–ಕ ಲಿಂಕ್ ಮೇಲೂ ಮಾದರಿಗಿಂತ 0.8 ಹೆಚ್ಚಿನ ಅಳತೆ ಕಂಡರೆ ವಿಷಯ ಬಗೆಹರಿಯಿತು. ಯ→ಪ 800 ಮೆಗಾಬಿಟ್ ಡಿಮ್ಯಾಂಡ್ ಮಾದರಿಯಲ್ಲಿ ಬಿಟ್ಟುಹೋಗಿದೆ. ಸೇರಿಸಿ, ಮತ್ತೆ ಹರಿಸಿ, ಮೂರೂ ಜಾಗಗಳಲ್ಲಿ ಅಂಕಿ ಕೂಡುತ್ತವೆಯೇ ನೋಡಿ.

ಅಳತೆ ಮಾದರಿಗಿಂತ ಕಡಿಮೆ ಬಂದಾಗ ಜಾಡು ಬೇರೆ. ಆಗ ಮೊದಲು ನೋಡಬೇಕಾದದ್ದು ಟನಲ್ ಹೊಗಬೇಕಿದ್ದ ಟ್ರಾಫಿಕ್ ಐಜಿಪಿ ಪಥದಲ್ಲೇ ಉಳಿದಿದೆಯೇ ಎಂಬುದನ್ನು. ಆಟೊರೂಟ್ ಆಯ್ಕೆ ರೂಟರ್‌ನಲ್ಲಿ ಇಲ್ಲ, ಮಾದರಿಯಲ್ಲಿ ಇದೆ ಎಂಬುದು ಇದಕ್ಕೆ ಮಾಮೂಲಿ ಕಾರಣ. ಸೇವಾ ವರ್ಗಗಳ ಆಧಾರದಲ್ಲಿ ಟನಲ್ ಆರಿಸುವ ಜಾಲವಾದರೆ ಡಿಮ್ಯಾಂಡ್‌ಗಳಿಗೂ ಸರಿಯಾದ ವರ್ಗದ ಗುರುತು ಇದೆಯೇ ಎಂದು ನೋಡಿ.

ಸೆಗ್ಮೆಂಟ್ ರೂಟಿಂಗ್ ಇದ್ದರೆ

ಸೆಗ್ಮೆಂಟ್ ರೂಟಿಂಗ್ ಎಂದರೆ ಹೋಗಬೇಕಾದ ದಾರಿಯನ್ನು ಆರಂಭದ ರೂಟರ್ ಪ್ಯಾಕೆಟ್ ಮೇಲೆಯೇ ಬರೆದು ಕಳಿಸುವ ಬಗೆ, ಇಲ್ಲಿ ಟನಲ್ ಜಾಗದಲ್ಲಿರುವುದು ಪಾಲಿಸಿ. ಫಿಲ್ಟರ್ ಹಾಕಿ ಇಳಿಯುವ ಕ್ರಮ ಅದೇ, ಎರಡು ವ್ಯತ್ಯಾಸಗಳಿವೆ. ಸೆಗ್ಮೆಂಟ್ ರೂಟಿಂಗ್ ಪಾಲಿಸಿಗಳಿಗೆ ಆರ್‌ಎಸ್‌ವಿಪಿಯಂಥ ಮೀಸಲು ಇಲ್ಲ, ನಡುವಿನ ರೂಟರ್‌ಗಳು ಅವುಗಳ ನೆನಪನ್ನೂ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಯಾವ ಲಿಂಕ್ ಮೇಲೆ ಯಾರಿದ್ದಾರೆ ಎಂಬುದಕ್ಕೆ ಯೋಜನಾ ತಂತ್ರಾಂಶವನ್ನೇ ಹೆಚ್ಚು ಅವಲಂಬಿಸಬೇಕಾಗುತ್ತದೆ. ಎರಡನೆಯದಾಗಿ, ನೋಡ್ ಸೆಗ್ಮೆಂಟ್ (‘ಈ ರೂಟರ್‌ಗೆ ಹೋಗು’ ಎಂದಷ್ಟೇ ಹೇಳುವ ಸೂಚನೆ) ಬಳಸಿದ ಕಡೆ ಸಮ ವೆಚ್ಚದ ಪಥಗಳಲ್ಲಿ ಟ್ರಾಫಿಕ್ ಕವಲೊಡೆಯುತ್ತದೆ. ನಕ್ಷೆಯಲ್ಲಿ ಒಂದು ಗೆರೆಯ ಬದಲು ಗೆರೆಗಳ ಕಂತೆ ಕಾಣುತ್ತದೆ, ಟನಲ್‌ನ ಪೂರ್ತಿ ಅಂಕಿಯನ್ನು ಯಾವುದೇ ಒಂದು ಲಿಂಕ್‌ಗೆ ಹಚ್ಚುವಂತಿಲ್ಲ.

ಹಂತ 7: ಲಿಂಕ್ ಕಡಿದಾಗ ಟನಲ್ ಒಳಗಿನದು ಎಲ್ಲಿಗೆ ಹೋಗುತ್ತದೆ

ಕ–ಟ ಲಿಂಕನ್ನು ವಿಫಲಗೊಳಿಸಿ. ಟನಲ್‌ಗೆ ಬೇರೆ ಪಥ ಕೊಟ್ಟಿಲ್ಲವಾದ್ದರಿಂದ ಅದು ಬಿದ್ದುಹೋಗುತ್ತದೆ, ಒಳಗಿದ್ದ 7.8 ಗಿಗಾಬಿಟ್ ಐಜಿಪಿ ಪಥಕ್ಕೆ ಮರಳುತ್ತದೆ. ಕ–ಚ ಮೇಲೆ 9.3, ಚ–ತ ಮೇಲೆ 9.8. ಎರಡನೆಯ ಪಥವನ್ನು ರೂಟರ್‌ಗೇ ಹುಡುಕಲು ಬಿಟ್ಟಿದ್ದರೂ ಟನಲ್ ‘ಚ’ ಮೂಲಕವೇ ಎದ್ದು ನಿಲ್ಲುತ್ತಿತ್ತು, ಅಂಕಿಗಳೂ ಇವೇ.

ಇವು ಜಾಲ ಸಂಭಾಳಿಸಿಕೊಂಡ ಮೇಲಿನ ಅಂಕಿಗಳು. ಅದಕ್ಕೂ ಮೊದಲಿನ ಕ್ಷಣಗಳನ್ನು ನೋಡಲು ಸಿಮ್ಯುಲೇಷನ್ ಬಗೆಯನ್ನು ಫಾಸ್ಟ್ ರೀರೂಟ್‌ಗೆ, ಅಂದರೆ ಲಿಂಕ್ ಕಡಿದ ಕೂಡಲೇ ಮೊದಲೇ ಸಿದ್ಧವಿರುವ ಬದಲಿ (ಬೈಪಾಸ್) ಟನಲ್‌ಗೆ ಟ್ರಾಫಿಕ್ ತಿರುಗಿಸುವ ಬಗೆಗೆ, ಬದಲಿಸಿ. ಕ–ಟ ಲಿಂಕ್ ರಕ್ಷಣೆಗೆಂದು ಕ–ಚ–ತ–ಟ ಬೈಪಾಸ್ ಟನಲ್ ಇದೆ ಎಂದುಕೊಳ್ಳಿ. ಟ್ರಾಫಿಕ್ ‘ಚ’ ದಾಟಿ ತನ್ನ ಗುರಿಯಾದ ‘ತ’ವನ್ನು ಮುಟ್ಟುತ್ತದೆ, ಅಲ್ಲಿ ನಿಲ್ಲದೆ ‘ಟ’ದವರೆಗೆ ಹೋಗಿ ಮೂಲ ಟನಲ್ ಸೇರಿಕೊಳ್ಳುತ್ತದೆ, ಮತ್ತೆ ‘ತ’ಕ್ಕೆ ಹಿಂದಿರುಗುತ್ತದೆ. ಹೀಗಾಗಿ ತ→ಟ ದಿಕ್ಕಿನಲ್ಲೂ 7.8, ಟ→ತ ದಿಕ್ಕಿನಲ್ಲೂ 7.8. ಆ ಎದುರು ದಿಕ್ಕಿನಲ್ಲಿ ಮೊದಲೇ ಟ್ರಾಫಿಕ್ ಇದ್ದರೆ ಯಾರೂ ನಿರೀಕ್ಷಿಸದ ಜಾಗದಲ್ಲಿ ಲಿಂಕ್ ತುಂಬಿ ತುಳುಕುತ್ತದೆ. ‘ಟ’ವನ್ನೇ ಬಳಸಿಹೋಗುವ ನೋಡ್ ರಕ್ಷಣೆ ಹಾಕಿದರೆ ಬೈಪಾಸ್ ‘ತ’ದಲ್ಲೇ ಮುಗಿಯುತ್ತದೆ, ಈ ಸುತ್ತಾಟ ತಪ್ಪುತ್ತದೆ.

ಸುತ್ತಾಟ ತಪ್ಪಿದರೂ ಕ–ಚ ಮೇಲಿನ 9.3 ಕದಲುವುದಿಲ್ಲ. ಚ–ತ ಮೇಲಿನ ಡಿಮ್ಯಾಂಡ್‌ಗಳನ್ನು ಒಮ್ಮೆ ಫಿಲ್ಟರ್ ಮಾಡಿ ನೋಡಿ: ಕ→ತ, ಕ→ಪ, ಯ→ಪ, ಚ→ಪ. ಕ–ಟ ಇಲ್ಲದಾಗ ಈ ನಾಲ್ಕಕ್ಕೂ ಉಳಿದಿರುವುದು ಇದೊಂದೇ ದಾರಿ. ಟನಲ್ ಎಷ್ಟೇ ಹಾಕಿದರೂ, ಆದ್ಯತೆಗಳನ್ನು ಹೇಗೇ ತಿರುಚಿದರೂ 9.8 ಕಡಿಮೆಯಾಗದು. ವರದಿಯಲ್ಲಿ ಈ ಪಟ್ಟಿಯನ್ನು ಅಂಕಿಗಳ ಸಮೇತ ಲಗತ್ತಿಸಿ, ಚ–ತ ಮತ್ತು ಕ–ಚ ಲಿಂಕ್‌ಗಳ ಸಾಮರ್ಥ್ಯ ಹೆಚ್ಚಿಸಲು ಹಣ ಕೇಳಿ.